ಹೆಂಡತಿಯರ ಮಾತು

ಜನ ಧಾರಾವಾಹಿ ನೋಡುವುದು ಬಿಟ್ಟ ಮೇಲೆ, ಅವುಗಳ ಬರಹಗಾರರು ಮನೆಮಂದಿ ತಮ್ಮತಮ್ಮಲ್ಲಿ ಆಡಲೆಂದು ಮನೆಮನೆಗೆ ಸಂಭಾಷಣೆ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದರು. ಹುಬ್ಬಳ್ಳಿಯ ಶಂಕ್ರಪ್ಪ ಹೆಂಡತಿಯರ ಮಾತಿಗೆ ಹೆಸರುವಾಸಿ. ತನ್ನ ಮನೆಗೆ ಮಾತ್ರ ಒಂದಕ್ಷರ ಬರೆದವನಲ್ಲ.

ಅಂದು ರೊಟ್ಟಿ ಬಡಿಸುತ್ತ ಹೆಂಡತಿ ನೀಲವ್ವ ಅಂದಳು: "ನೀವು ಬರೂದು ತಡ ಆದ್ರ, ನನಗ ರೊಟ್ಟಿ ಬಡಿಯೂ ಸಪ್ಪಳಾನೂ ಕೇಳ್ಸಂಗಿಲ್ರಿ."

ಶಂಕ್ರಪ್ಪ ಮುರಿದ ತುತ್ತನ್ನು ತಟ್ಟೆಗೇ ಇಟ್ಟ. ಇಷ್ಟು ವರ್ಷ 'ನುಂಗ್ರಿ, ಆರತೈತಿ' ಅಂದವಳ ಬಾಯಲ್ಲಿ ಇಂಥ ಮಾತೇ? ಮಾತು ಮುಗಿಸಿ ಕಣ್ಣು ತಗ್ಗಿಸಿದ್ದೂ ಸರಿಯಾದ ಜಾಗದಲ್ಲೇ.

"ಯಾವ ಮಗಾ ಬರದ್ಕೊಟ್ಟಾನ, ಹೇಳ?"

"ಯಾರೂ ಬರದಿಲ್ರಿ, ನಿಮ್ಮಾಣಿ. ಎದಿಯಾಗಿಂದ ಬಂತು."

ಗಂಡ ಅನುಮಾನಪಟ್ಟರೆ ಹೇಳಲೆಂದು, ತಾನು ಮಾರಿದ ಪ್ರತಿ ಪ್ರೀತಿಯ ಮಾತಿನ ಕೆಳಗೂ ಶಂಕ್ರಪ್ಪ ಬರೆದುಕೊಡುತ್ತಿದ್ದ ಉತ್ತರ ಅದೇ.