ಬೇಲಿಯಾಚೆಯ ಮುದಿ ಕುದುರೆ

ಈಗಲೂ ಆಡಿನ ವಾಸನೆ ಮೂಗಿಗೆ ಬಡಿದರೆ ಕೆನ್ಮೋರ್‌ನ ನಮ್ಮ ಹಳೆಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ತಾತ ತೀರಿಕೊಂಡ ಮೇಲೆ ಅಪ್ಪ ಮಂಡ್ಯದಿಂದ ಅಜ್ಜಿಯನ್ನು ಪರದೇಶದ ಆ ಮನೆಗೆ ಕರೆತಂದಿದ್ದರು. ಅಜ್ಜಿ ಸರಿಯಾಗಿ ಉಣ್ಣುತ್ತಿರಲಿಲ್ಲ. ಬೇಲಿಯ ಬಳಿ ಕೂತು ಪಕ್ಕದ ಮನೆಯ ಮುದಿ ಕುದುರೆಯನ್ನು ನೋಡುತ್ತಿದ್ದರು. ಜೊತೆಯ ಕುದುರೆ ಸತ್ತ ಮೇಲೆ ಅದು ಒಂದೇ ಮೂಲೆಯಲ್ಲಿ ನಿಂತಿರುತ್ತಿತ್ತು. ಅಲ್ಲಿನ ಹುಲ್ಲು ಬೇರಿನವರೆಗೂ ತೀರಿತ್ತು. ಉಳಿದ ಕಡೆಯೆಲ್ಲ ಬ್ಲ್ಯಾಕ್‌ಬೆರಿಯ ಮುಳ್ಳುಪೊದೆ ಹಬ್ಬಿತ್ತು.

ಅವತ್ತು ಆ ಮನೆಯಾಕೆ ಎರಡು ಆಡು ತಂದು ಬೇಲಿಯೊಳಗೆ ಬಿಟ್ಟರು. ಕುದುರೆ ಕಿವಿಗಳನ್ನು ಹಿಂದಕ್ಕೆ ಮಡಚಿತು.

"ಅಜ್ಜಿ, ಅದು ಕಿಕ್ ಮಾಡತ್ತೆ" ಎಂದು ನಾನು ಅವರ ಸೆರಗು ಹಿಡಿದೆ.

"ಸುಮ್ಕಿರವ್ವ, ಒದೆಯಲ್ಲ. ಒಂಟಿ ಜೀವ ಅದು" ಎಂದರು.

ಆಡುಗಳು ಮುಳ್ಳಿನೊಳಗೆ ನುಗ್ಗಿ ಎಲೆಗಳನ್ನು ಕರಕರನೆ ಮೇಯತೊಡಗಿದವು. ಸ್ವಲ್ಪ ಹೊತ್ತಿನ ಮೇಲೆ ಕುದುರೆ ಮೂಲೆ ಬಿಟ್ಟು ನಿಧಾನವಾಗಿ ಅವುಗಳ ಹಿಂದೆ ಬಂತು. ಎಲೆ ಖಾಲಿಯಾದ ಅಂಚಿನಲ್ಲಿ ಕಾಣಿಸಿಕೊಂಡ ಹಸಿ ಹುಲ್ಲಿಗೆ ಬಾಯಿ ಹಾಕಿತು. ಆಡೊಂದು ಅದರ ಕಾಲಿಗೆ ಮೈ ಉಜ್ಜಿದರೂ ಕುದುರೆ ದೂರ ಸರಿಯಲಿಲ್ಲ.

ಅಜ್ಜಿ ಅದು ಮೇಯುವುದನ್ನೇ ತುಂಬಾ ಹೊತ್ತು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, ನನ್ನ ಕೈ ಹಿಡಿದು ಎದ್ದರು.

"ನಡಿ ಮಗ, ಹೊಟ್ಟೆ ಹಸೀತದೆ. ಒಳಕ್ಕೋಗಿ ಉಣ್ಣನ."