ಕ್ಯಾಮೆರಾ ಇಲ್ಲದ್ದು

"ಕ್ಯಾಮೆರಾ ಇದೆಯಾ ಅಂತ ಕೇಳೋರನ್ನ ದಿನಾ ನೋಡ್ತೀನಿ. ಇಲ್ಲದ್ದೇ ಕೊಡಿ ಅಂದೋರು ನೀವೊಬ್ರೇ ಯಜಮಾನ್ರೇ," ಎಂದಳು ಡೆಲ್ಫಿನಾ. ಅವಳ ಅಂಗಡಿ ಅಂದರೆ ಅರಿಜೋನಾ ಮರಳುಗಾಡಿನಲ್ಲಿ, ಗಾಡಿಯನ್ನೇ ಮನೆ ಮಾಡಿಕೊಂಡವರು ಸೇರುವ ಚಳಿಗಾಲದ ಸಂತೆಯಲ್ಲಿ ಕಟ್ಟಿದ ಒಂದು ತಾಡಪಾಲು, ಅದರಡಿ ಎರಡು ಮೇಜು, ಮೇಜಿನ ತುಂಬ ಯಾರೋ ಬಳಸಿ ಬಿಟ್ಟ ಕಂಪ್ಯೂಟರುಗಳು.

"ಮೇಲ್ ನೋಡೋಕೆ, ನಾಳೆ ಗಾಳಿ ಹೇಗಿದೆ ಅಂತ ನೋಡೋಕೆ ಕ್ಯಾಮೆರಾ ಯಾಕಮ್ಮ?" ಎಂದ ಲೈಲ್.

"ಮೊಮ್ಮಗಳನ್ನ ನೋಡೋಕೆ," ಎಂದಳು ಪಕ್ಕದಲ್ಲಿದ್ದ ಹೆಂಡತಿ ಮೇವಿಸ್. "ಇವತ್ತು ಟೆಸ್ ಹುಟ್ಟುಹಬ್ಬ. ನಮ್ಮದು ಗುಂಡಿ ಒತ್ತೋ ಫೋನು. ಒಂದೇ ಒಂದು ಸಲ ಮುಖ ತೋರಿಸಿ ಅಂತ ಮಗಳು ಕೋರಾ ಗೋಗರೀತಾಳೆ. ಇವರು ಪ್ರತಿ ಸಲಾನೂ ಸಿಗ್ನಲ್ ಸರಿಯಿಲ್ಲ, ಏನೂ ಕಾಣಲ್ಲ ಅಂತ ಸಾಗಹಾಕ್ತಾರೆ."

ಡೆಲ್ಫಿನಾ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಒಂದು ದಪ್ಪ ಲ್ಯಾಪ್‌ಟಾಪನ್ನು ಬದಿಗೆ ಸರಿಸಿದಳು. "ಇದು ಅಗ್ಗ, ಆದ್ರೆ ಬ್ಯಾಟರಿ ಕುಡಿದುಬಿಡುತ್ತೆ. ಈ ಚಿಕ್ಕದು ತಗೊಳ್ಳಿ. ಇದ್ರಲ್ಲಿ ಇಂಟರ್ನೆಟ್ ಬಿಟ್ರೆ ಬೇರೇನೂ ಇಲ್ಲ. ಗಾಡೀಲಿ ಸಿಗರೇಟು ಹಚ್ಚೋ ತೂತಿಗೆ ಸಿಕ್ಕಿಸಿದ್ರೂ ಓಡುತ್ತೆ. ಜೊತೆಗೆ ಇಂಟರ್ನೆಟ್‌ಗೆ ಸಿಮ್ ಹಾಕೋ ಈ ಡಬ್ಬಿ. ಎರಡೂ ಸೇರಿ ತೊಂಬತ್ತು ಡಾಲರ್."

"ಇದಕ್ಕೂ ಇದೆಯಲ್ಲ ಆ ಕಣ್ಣು," ಎಂದ ಲೈಲ್.

"ಇದ್ರೇನು, ಕಚ್ಚುತ್ತಾ? ನಡೀರಿ, ನಿಮ್ಮ ಗಾಡೀಲಿ ಹಾಕಿ ನೋಡೋಣ."

ಅದು ಡೆಲ್ಫಿನಾಳ ಪದ್ಧತಿ. ಒಂದೊಂದು ಗಾಡಿಯ ಬ್ಯಾಟರಿಯ ಬುದ್ಧಿ ಒಂದೊಂದು ತರಹ. ಅಲ್ಲಿ ಓಡದಿದ್ದರೆ ಅವಳು ದುಡ್ಡು ಮುಟ್ಟುವವಳಲ್ಲ. ಲೈಲ್ ಗಡಬಡಿಸಿದ. "ಬೇಡ ಬೇಡ, ನಮ್ಮದು ಮೂವತ್ತಡಿ ಗಾಡಿ. ಸೋಫಾ, ಶವರ್ ಎಲ್ಲ ಇದೆ. ಕರೆಂಟಿಗೇನು ಬರವಿಲ್ಲ. ಅದೂ ಅಲ್ದೆ ತುಂಬ ದೂರ ನಿಲ್ಲಿಸಿದೀವಿ."

"ಅಲ್ಲೇ ಇದೆ," ಎಂದು ಮೇವಿಸ್ ಕೈ ತೋರಿದಳು. ಬಿಸಿಲಲ್ಲಿ ಒಂದು ಬಿಳಿ ವ್ಯಾನು ನಿಂತಿತ್ತು. ಹಿಂದೆ ಅದು ಬ್ರೆಡ್ಡು ಹಂಚುತ್ತಿದ್ದ ಬೇಕರಿಯ ಹೆಸರು ಪಕ್ಕೆಯಲ್ಲಿ ಅರ್ಧ ಕಿತ್ತುಬಂದಿತ್ತು. ಲೈಲ್‌ನ ನೆಲಗಂಬಳಿ ಅಂಗಡಿ ಮುಚ್ಚಿ, ಮನೆ ಬ್ಯಾಂಕಿನವರ ಪಾಲಾದ ಮೇಲೆ ಉಳಿದದ್ದು ಇಷ್ಟೇ. ಮಗಳಿಗೆ ಮಾತ್ರ, ದೇಶ ಸುತ್ತಲು ಹೊರಟಿದ್ದೇವೆ ಅಂತ ಹೇಳಿದ್ದರು.

ಗಾಡಿಗಳಲ್ಲೇ ಬದುಕುವ ಈ ಜನರಲ್ಲಿ ಎರಡು ಕಟ್ಟಳೆಗಳಿವೆ. ಯಾಕೆ ಬಂದಿರಿ ಅಂತ ಯಾರನ್ನೂ ಕೇಳಬಾರದು; ಪರದೆ ಎಳೆದ ಗಾಡಿಯ ಬಾಗಿಲು ತಟ್ಟಬಾರದು. ಡೆಲ್ಫಿನಾ ಏನೂ ಕೇಳಲಿಲ್ಲ. ಮೇವಿಸ್ ತಾನಾಗಿ ಪರದೆ ಸರಿಸುವತನಕ ಬಿಸಿಲಲ್ಲೇ ನಿಂತಿದ್ದಳು.

ಒಳಗೆ ಒಂದು ಹಾಸಿಗೆ, ಪುಟ್ಟ ಗ್ಯಾಸ್ ಒಲೆ, ಹಗ್ಗದ ಮೇಲೆ ಒದ್ದೆ ಕಾಲುಚೀಲಗಳು, ಮೂಲೆಯಲ್ಲಿ ಮುಚ್ಚಳ ಹಾಕಿದ ಬಿಳಿ ಬಕೆಟ್ಟು. ಡೆಲ್ಫಿನಾ ಹೋಗಿ ಬಕೆಟ್ಟಿನ ಮೇಲೆಯೇ ಕೂತಳು.

ಲೈಲ್‌ನ ಕಿವಿ ಕೆಂಪಾಯಿತು. "ಅದು... ಅದು ಕೂರೋದಲ್ಲ. ಅಂದ್ರೆ, ಕೂರೋದೇ, ಆದ್ರೆ..."

"ಗೊತ್ತು ಕಣಪ್ಪ. ನನ್ನ ಗಾಡೀಲೂ ಇದೇ ಸೋಫಾ, ಇದೇ ಕಕ್ಕಸು," ಎಂದು ಅವಳು ವೈರು ಸಿಕ್ಕಿಸಿದಳು. ಡಬ್ಬಿಯ ಹಸಿರು ದೀಪ ಹತ್ತಿತು. ಮೇವಿಸ್ ಆಗಲೇ ತಲೆ ಬಾಚಿಕೊಂಡು ಹಾಸಿಗೆಯ ಮೇಲೆ ಕೂತಿದ್ದಳು. "ತಡಿಯೇ, ಹಿಂದಕ್ಕೆ ಈ ದುಪ್ಪಟೀನಾದ್ರೂ ಕಟ್ತೀನಿ, ಗೋಡೆ ಥರ ಕಾಣುತ್ತೆ," ಎಂದು ಲೈಲ್ ಹಗ್ಗಕ್ಕೆ ಒಂದು ತುದಿ ಗಂಟು ಹಾಕುವಷ್ಟರಲ್ಲಿ ಮೇವಿಸ್ ಮಗಳಿಗೆ ವಿಡಿಯೋ ಕರೆಯ ಗುಂಡಿ ಒತ್ತಿಯಾಗಿತ್ತು.

ಸ್ಕ್ರೀನ್ ತುಂಬ ಬಲೂನುಗಳು, ಕೇಕು, ಗ್ಲಾಸು ಹಿಡಿದ ನೆಂಟರು. ಎಲ್ಲರ ಮುಂದೆ ಒಂದು ಹಲ್ಲು ಬಿದ್ದ ಟೆಸ್.

"ಅಜ್ಜೀ! ನೀನು ಟೆಂಟಲ್ಲಿದೀಯಾ?"

"ಗಾಡೀಲಿ ಚಿನ್ನ. ಇದೇ ನಮ್ಮನೆ," ಎಂದಳು ಮೇವಿಸ್. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಎಷ್ಟು ಎತ್ತರ ಆಗಿದೀಯೇ!"

ಅಷ್ಟರಲ್ಲಿ ಮಗುವಿನ ಹಿಂದೆ ಕೋರಾ ನಗುತ್ತ ಬಗ್ಗಿದಳು. ಅವಳ ಕಣ್ಣು ತಾಯಿಯ ಮುಖದಿಂದ ಕಾಲುಚೀಲಗಳಿಗೆ, ಅಲ್ಲಿಂದ ದುಪ್ಪಟಿ ಹಿಡಿದು ನಿಂತ ತಂದೆಗೆ ಹೋಯಿತು. ನಗು ಇದ್ದಲ್ಲೇ ನಿಂತಿತು.

"ಅಪ್ಪಾ... ಸೋಫಾ ಇದೆ ಅಂದಿದ್ಯಲ್ಲ."

"ಇದೆಯಮ್ಮ," ಎಂದ ಲೈಲ್. "ಈಗ ಮಡಚಿಟ್ಟಿದೀವಿ."

ಆ ಕಡೆ ನಡುಮನೆಯಿಂದ ಕೋರಾಳ ಮಾವನ ದೊಡ್ಡ ದನಿ ಕೇಳಿತು: "ಯಾರಮ್ಮ, ಬೀಗರಾ? ಈ ಕಡೆ ತಿರುಗಿಸಮ್ಮ, ಆ ಅರಮನೆಯಂಥ ಗಾಡೀನ ನಾವೂ ಸ್ವಲ್ಪ ನೋಡೋಣ!"

ಕೋರಾ ತಿರುಗಲಿಲ್ಲ. ಅವಳ ಅಂಗೈ ಬಂದು ಕ್ಯಾಮೆರಾ ಮುಚ್ಚಿತು.

"ಸಿಗ್ನಲ್ ಸರಿಯಿಲ್ಲ ಮಾವ," ಎನ್ನುವುದು ಮಾತ್ರ ಕೇಳಿಸಿತು. "ಏನೂ ಕಾಣ್ತಿಲ್ಲ."

ಲೈಲ್‌ನ ಕೈಯಿಂದ ದುಪ್ಪಟಿ ಜಾರಿತು. ಸ್ಕ್ರೀನ್ ಮೇಲೆ ಮತ್ತೆ ಬೆಳಕು ಬಂದಾಗ ಬಲೂನು ಇರಲಿಲ್ಲ, ಟೆಸ್ ಇರಲಿಲ್ಲ. ಕೋರಾ ಒಬ್ಬಳೇ ಬೇರೊಂದು ಕೋಣೆಗೆ ಬಂದಿದ್ದಳು; ಅವಳ ಹೆಗಲ ಹಿಂದೆ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು.