ರಾಯಭಾರಿ ಹಿಡಿದ ಹಗ್ಗ

ನಗಬೇಡಿ, ಇದು ಖರೆ ನಡೆದದ್ದು. ರಾಯಭಾರಿ ಸಂಗಮೇಶ ಇಳಕಲ್ಲಿನಲ್ಲಿ ತಂಗಿಯ ಮಗಳ ಮದುವೆಗೆ ಹಂದರದ ಹಗ್ಗ ಬಿಗಿಯುತ್ತಿದ್ದಾಗ, ಹೊಸ ನಂಬರಿನಿಂದ ದಿಲ್ಲಿಯ ಸಾಹೇಬರ ದನಿ ಬಂತು: “ರಜೆ ರದ್ದು. ಇವತ್ತೇ ಹೊರಡಿ.”

ಹಗ್ಗ ಬಿಟ್ಟು ನೆಟ್ಟಗೆ ನಿಂತ. ಇಂಥದೇ ಫೋನಿಗೆ “ಆಗಲಿ ಸರ್” ಎಂದು ತಂಗಿಯ ಮದುವೆಯನ್ನೂ ಅವ್ವನ ಮಣ್ಣಿನ ಕಾರ್ಯವನ್ನೂ ತಪ್ಪಿಸಿಕೊಂಡವನು. ಆ ನಿಲುವು ತಂಗಿ ಮಹೇಶ್ವರಿಗೆ ಗೊತ್ತು.

“ಈ ಸಲಾನೂ ಹೊಂಟ್ಯಾ, ಅಣ್ಣಾ?”

ಸಂಗಮೇಶ ಬಾಗಿ ಹಗ್ಗ ಎತ್ತಿಕೊಂಡ. ಸಾಹೇಬರೆದುರು ಅಚ್ಚ ಇಳಕಲ್ಲಿನ ಮಾತೇ ಬಂತು: “ಇಲ್ರಿ ಸರ್. ನಾ ಸೋದರಮಾವ ಅದೇನಿ. ಬರೂದಿಲ್ಲ.”

ಮಗ್ಗದ ಕೋಣೆಯಿಂದ ಗೆಳೆಯ ಯಮನೂರಪ್ಪ ಫೋನು ಹಿಡಿದೇ, ಅದೇ ಸಾಹೇಬರ ದನಿಯಲ್ಲಿ “ರಜೆ ರದ್ದು” ಎನ್ನುತ್ತಾ ಹೊರಬಂದ. “ಲೇ ಸಂಗ್ಯಾ, ಮುಂಜಾನೆ ಸಾಹೇಬರ ದನಿ ಮಾಡಿ ತೋರಿಸಿದಾಂವ ನೀನ ಅಲ್ಲೇನಲೇ?”

ಹಂದರವೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಂಗಮೇಶ. “ಇನ್ನೊಮ್ಮೆ ಫೋನ್ ಹಚ್ಚಲೇ, ಮತ್ತೊಮ್ಮೆ ಹೇಳ್ತೇನಿ!”